ದೇಜಪ್ಪನ ವರ್ಕ್‌ಶಾಪ್ ಸೀವುಡ್ಸ್‌ಗೆ ಹೋದದ್ದು

ಠಾಣೆ ಶಹರದಲ್ಲಿ ಚಳಿಗಾಲ ಎಂಬುದು ಜನವರಿಯಲ್ಲಿ ಬಂದು, ಚಹಾ ಕೂಡ ಕುಡಿಯದೆ ಎದ್ದು ಹೋಗುವ ದೂರದ ನೆಂಟ. ಅಂಥ ಊರಿನಲ್ಲಿ ಸ್ವೆಟರ್ ಮಾಡಿ ಬದುಕುತ್ತೇನೆಂದು ಹೊರಟವನನ್ನು ಧೈರ್ಯವಂತ ಎನ್ನಬೇಕೋ ಬೇರೇನಾದರೂ ಎನ್ನಬೇಕೋ ಎಂದು ದೇಜಪ್ಪನ ಬಂಧುಗಳಲ್ಲಿ ಬಹಳ ವರ್ಷ ಚರ್ಚೆ ನಡೆದಿತ್ತು. ಕಾರ್ಕಳದ ಕಡೆಯಿಂದ ಅವನ ಜೊತೆ ಬಂದವರೆಲ್ಲ ಹೋಟೆಲು ಹಿಡಿದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ನೆಮ್ಮದಿಯಾಗಿ ಹೊಟ್ಟೆ ಬೆಳೆಸಿಕೊಂಡಿದ್ದರು. ದೇಜಪ್ಪ ಮಾತ್ರ ವಾಗ್ಳೆ ಎಸ್ಟೇಟ್‌ನ ಒಂದು ಗಾಳಾದಲ್ಲಿ, ಅಂದರೆ ಷಟರ್ ಎಳೆಯುವ ಬಾಡಿಗೆಯ ಕೋಣೆಯೊಂದರಲ್ಲಿ, ಎರಡು ಹೆಣಿಗೆ ಮಿಷನ್ ಇಟ್ಟುಕೊಂಡು ಶಾಲೆಯ ಮಕ್ಕಳ ಸ್ವೆಟರ್ ಮಾಡುತ್ತಿದ್ದ. ಮಕ್ಕಳಿಗೆ ಚಳಿಯಾಗದಿದ್ದರೂ ಶಾಲೆಗಳಿಗೆ ಆಗುತ್ತಿತ್ತು. ಯೂನಿಫಾರ್ಮ್ ಎಂದ ಮೇಲೆ ಸ್ವೆಟರ್ ಇರಲೇಬೇಕು ಎಂಬ ಆ ಶಾಲೆಗಳ ಹಟದ ಮೇಲೆ ದೇಜಪ್ಪನ ಸಂಸಾರ ನಿಂತಿತ್ತು.

ಕಡುನೀಲಿ ಬಣ್ಣ, ವಿ ಆಕಾರದ ಕುತ್ತಿಗೆ, ಕುತ್ತಿಗೆಯ ಸುತ್ತ ಎರಡು ಬಿಳಿ ಗೆರೆ. ಇಷ್ಟೇ ಸ್ವೆಟರ್. ಒಂದು ವರ್ಷ ದೇಜಪ್ಪನಿಗೆ ಏನನ್ನಿಸಿತೋ, ಆ ಎರಡು ಬಿಳಿ ಗೆರೆಗಳ ನಡುವೆ ಒಂದು ಹಳದಿ ಗೆರೆ ಹಾಕಿಸಿದ. ಶಾಲೆಯ ಹೆಡ್ ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪರವಾಗಿಲ್ಲ ಎಂದರು. ಅವತ್ತಿನಿಂದ ದೇಜಪ್ಪ ಡಿಸೈನರ್ ಆದ. ಕಾಲೇಜಿಗೆ ಹೋಗುವ ಮಗಳು ಮಾನಸಿಯ ಕೈಯಲ್ಲಿ ಕಾರ್ಡು ಮಾಡಿಸಿದ. ಕಾರ್ಡಿನಲ್ಲಿ ಅವನ ಫೋಟೊ, ಕೆಳಗೆ ‘ನಿಟ್‌ವೇರ್ ಡಿಸೈನರ್, ಸ್ವಂತ ವರ್ಕ್‌ಶಾಪ್’ ಎಂಬ ಬರಹ. ಬಂಧುಬಳಗದ ಮದುವೆ ಮುಂಜಿಗಳಲ್ಲಿ ಊಟ ಮುಗಿದು ಬೀಡ ಬರುವುದಕ್ಕೆ ಮುಂಚೆ ಅವನು ಪಂಕ್ತಿಯುದ್ದಕ್ಕೂ ಕಾರ್ಡು ಹಂಚುತ್ತಿದ್ದ. ಒಂದು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದಲ್ಲೂ ಹಂಚಿ ಹೆಂಡತಿ ಬಾಗಿಯಿಂದ ಬೈಸಿಕೊಂಡಿದ್ದುಂಟು.

ಹಾಗೆ ಹಂಚಿದ ಕಾರ್ಡುಗಳಲ್ಲಿ ಒಂದು, ಡೊಂಬಿವಿಲಿಯ ಯಾವುದೋ ಸೀಮಂತದಲ್ಲಿ, ಅಮಿತಾ ಎಂಬವಳ ಪರ್ಸು ಸೇರಿತು.

ಅಮಿತಾ ಉಡುಪಿಯ ಕಡೆಯವಳು. ಸೀವುಡ್ಸ್‌ನ ಒಂದು ದೊಡ್ಡ ಸೊಸೈಟಿಯ, ಅಂದರೆ ಫ್ಲ್ಯಾಟುಗಳ ಸಮುಚ್ಚಯದ, ಮಹಿಳಾ ಮಂಡಳಿಗೆ ಸೆಕ್ರೆಟರಿ. ಆ ಮಂಡಳಿಯ ಹೆಂಗಸರಿಗೆ ತಿಂಗಳಿಗೊಮ್ಮೆ ಯಾರಾದರೂ ಬಂದು ಏನಾದರೂ ಕಲಿಸಬೇಕಿತ್ತು. ಒಮ್ಮೆ ಕೇಕು, ಒಮ್ಮೆ ರಂಗೋಲಿ, ಒಮ್ಮೆ ಉಸಿರಾಟ. ಇದಕ್ಕೆ ಅವರು ವರ್ಕ್‌ಶಾಪ್ ಎನ್ನುತ್ತಿದ್ದರು. ಈ ಸಲ ಎರಡು ಕಡ್ಡಿ ಹಿಡಿದು ಉಲ್ಲನ್ ಹೆಣೆಯುವುದನ್ನು ಕಲಿಯುವ ಎಂದು ಅಮಿತಾ ಹಟ ಹಿಡಿದು ಕಮಿಟಿಯಲ್ಲಿ ಪಾಸು ಮಾಡಿಸಿದ್ದಳು. ಕಲಿಸುವವರು ಯಾರು ಎಂದು ಹುಡುಕುವಾಗ ಪರ್ಸಿನಿಂದ ಕಾರ್ಡು ಬಿತ್ತು. ಡಿಸೈನರ್ ಎಂದೂ ಇದೆ, ವರ್ಕ್‌ಶಾಪ್ ಎಂದೂ ಇದೆ. ಅವಳು ಫೋನು ಮಾಡಿದಳು.

ದೇಜಪ್ಪನಿಗೆ ವರ್ಕ್‌ಶಾಪ್ ಎಂಬ ಶಬ್ದಕ್ಕೆ ಈ ಲೋಕದಲ್ಲಿ ಒಂದೇ ಅರ್ಥ ಗೊತ್ತಿತ್ತು. ಎರಡು ಮಿಷನ್, ಒಂದು ಫ್ಯಾನು, ಒಂದು ಎಣ್ಣೆ ಡಬ್ಬ, ಇಬ್ಬರು ಕೆಲಸದವರು.

“ನಿಮ್ಮ ವರ್ಕ್‌ಶಾಪ್ ನಾವು ತಗೊಳ್ತೇವೆ,” ಎಂದಳು ಅಮಿತಾ. “ಕಮಿಟಿಯಲ್ಲಿ ಪಾಸಾಗಿದೆ.”

ದೇಜಪ್ಪ ಮಿಷನ್ ನಿಲ್ಲಿಸುವಂತೆ ಕೈ ಮಾಡಿದ. ಗಂಟಲು ಸರಿ ಮಾಡಿಕೊಂಡು, ಪೂರ್ತಿಯೋ ಎಂದು ಕೇಳಿದ.

“ಪೂರ್ತಿ ಬೇಡ. ಸದ್ಯಕ್ಕೆ ಅರ್ಧ ಸಾಕು,” ಎಂದಳು ಅಮಿತಾ. ಅವಳ ಮನಸ್ಸಿನಲ್ಲಿದ್ದದ್ದು ಅರ್ಧ ದಿನ. “ಹೇಗಾಗ್ತದೆ ನೋಡಿ ಮುಂದೆ ಪೂರ್ತಿ ತಗೊಳ್ಳುವ. ಜಾಗ ನಮ್ಮದೇ, ಎಸಿ ಹಾಲ್ ಉಂಟು. ಸಾಮಾನು ಮಾತ್ರ ಎಲ್ಲ ನೀವೇ ತರಬೇಕು. ಬರುವ ಆದಿತ್ಯವಾರ ಬೆಳಿಗ್ಗೆ ಆಗಬಹುದಾ?”

ಇಲ್ಲಿ ದೇಜಪ್ಪ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಡಿಸೈನರ್ ಆದವನು ಪ್ರಶ್ನೆ ಕೇಳಿದರೆ ಬೆಲೆ ಇಳಿಯುತ್ತದೆ ಎಂಬುದು ಅವನ ನಂಬಿಕೆ. ಆದ್ದರಿಂದ ಕ್ಯಾಲೆಂಡರಿನ ಹಾಳೆ ಸದ್ದಾಗುವಂತೆ ಮಗುಚಿ, ಆಗಬಹುದು ಎಂದ.

ಫೋನು ಇಟ್ಟು ತಿರುಗಿದರೆ ಕೆಲಸದವರಿಬ್ಬರೂ ಅವನನ್ನೇ ನೋಡುತ್ತಿದ್ದರು. ಮಾನಪ್ಪ, ಮರಗಮ್ಮ ವಿಜಯಪುರದ ಕಡೆಯ ಗಂಡ ಹೆಂಡತಿ. ಮಾನಪ್ಪ ಮಿಷನ್ ಎಳೆಯುವವನು, ದಿನಕ್ಕೆ ಒಂದು ಮಾತು ಆಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಸೇರಿಸಿ ಮರಗಮ್ಮ ಆಡುತ್ತ, ಸ್ವೆಟರಿಗೆ ಕುತ್ತಿಗೆಪಟ್ಟಿ ಜೋಡಿಸುತ್ತಿದ್ದಳು. ಸೀವುಡ್ಸ್‌ನ ದೊಡ್ಡ ಕಂಪನಿಯೊಂದು ನಮ್ಮ ವರ್ಕ್‌ಶಾಪಿನಲ್ಲಿ ಅರ್ಧ ಪಾಲು ತೆಗೆದುಕೊಳ್ಳುತ್ತದೆ, ಎಸಿ ಜಾಗ ಕೊಡುತ್ತದೆ, ಆದಿತ್ಯವಾರ ಮಿಷನ್ ಸಾಗಿಸಬೇಕು ಎಂದು ದೇಜಪ್ಪ ಅವರಿಗೆ ತಿಳಿಸಿದ. ‘ಕಂಪನಿ’ ಎಂಬುದನ್ನು ಅಮಿತಾ ಹೇಳಿರಲಿಲ್ಲ. ಅದು ಬಾಯಿಗೆ ತಾನಾಗಿ ಬಂತು.

“ಮಿಷನ್ ಅಷ್ಟ ಹೋಗ್ತಾವೇನ್ರಿ ಶೇಠ್ರ, ನಾವೂ ಹೋಗೂದೈತಿ?” ಎಂದು ಮರಗಮ್ಮ ಕೇಳಿದಳು.

ನಿಮ್ಮನ್ನು ಬಿಟ್ಟು ಹೋಗುವುದುಂಟೇ ಎಂದು ದೇಜಪ್ಪ ಉದಾರವಾಗಿ ನಕ್ಕ. ಅವಳಿಗೆ ಕಣ್ಣೀರು ಬರುವಷ್ಟು ಸಂತೋಷವಾಗಿರಬೇಕು ಎಂದುಕೊಂಡ. ಮರಗಮ್ಮನಿಗೆ ಕಣ್ಣೀರು ಬಂದದ್ದು ನಿಜ. ಅವರ ಖೋಲಿ ಗಾಳಾದ ಹಿಂದಿನ ಓಣಿಯಲ್ಲೇ ಇತ್ತು. ಮಗಳು ದಾನೇಶ್ವರಿಯ ಶಾಲೆ ಅದೇ ರಸ್ತೆಯ ತುದಿಯಲ್ಲಿತ್ತು. ಸೀವುಡ್ಸ್ ಎಂದರೆ ಎರಡು ಗಾಡಿ ಬದಲಿಸಬೇಕು ಎಂದು ಯಾರೋ ಹೇಳಿದ್ದು ಅವಳಿಗೆ ನೆನಪಿತ್ತು. ಆ ಮಧ್ಯಾಹ್ನ ಅವಳು ಜೋಡಿಸಿದ ಕುತ್ತಿಗೆಪಟ್ಟಿಗಳೆಲ್ಲ ಬೆನ್ನಿನ ಕಡೆಗೆ ಹೋದವು.

ಡೊಂಬಿವಿಲಿಯ ಮನೆಯಲ್ಲಿ ಸುದ್ದಿ ಹೇಳಿದಾಗ ಬಾಗಿ ಮೊದಲು ದೇವರ ಕೋಣೆಗೆ ಹೋದಳು, ಆಮೇಲೆ ಅಣ್ಣನಿಗೆ ಫೋನು ಮಾಡಿದಳು. ಅವಳ ಅಣ್ಣ ಗುಣಪಾಲ ಕೋಪರಖೈರಣೆಯಲ್ಲಿ ಹೋಟೆಲಿನ ಮ್ಯಾನೇಜರು. ಹೋಟೆಲಿನಲ್ಲಿ ಮಧ್ಯಾಹ್ನ ಊಟಕ್ಕೆ ಬರುವ ಆಫೀಸಿನವರ ಮಾತು ಕೇಳಿ ಕೇಳಿ, ದೊಡ್ಡ ವ್ಯವಹಾರಗಳ ಬಗ್ಗೆ ತನಗೆ ತಿಳಿಯದ್ದಿಲ್ಲ ಎಂಬ ಸ್ಥಿತಿಗೆ ತಲುಪಿದ್ದ. ರಾತ್ರಿಯ ಊಟಕ್ಕೆ ಅವನು ಹಾಜರಾದ. ಅವರು ಮನೆಯಲ್ಲಿ ಆಡುವುದು ತುಳು. ಆದರೆ ವ್ಯವಹಾರದ ಮಾತು ಬಂದಾಗ ಗುಣಪಾಲ ಗೌರವಕ್ಕಾಗಿ ಕನ್ನಡಕ್ಕೆ ಏರುತ್ತಿದ್ದ.

“ಭಾವ, ಇವರು ಕಾರ್ಪೊರೇಟ್ ಜನ,” ಎಂದ ಅವನು, ಬಂಗುಡೆಯ ಮುಳ್ಳು ಬಿಡಿಸುತ್ತ. “ಮಾತಾಡುವಾಗ ನೀವು ನಗಬಾರದು. ನಕ್ಕರೆ ಅವರು ಅರ್ಧದಲ್ಲಿ ಅರ್ಧ ಮಾಡ್ತಾರೆ. ಮಾತು ನಾನು ಆಡ್ತೇನೆ. ನೀವು ಡಿಸೈನರ್ ಅಲ್ವಾ, ಸುಮ್ಮನೆ ದೂರ ನೋಡಿಕೊಂಡು ಕೂತ್ಕೊಳ್ಳಿ.”

ದೇಜಪ್ಪ ಅಲ್ಲೇ ದೂರ ನೋಡಿ ಅಭ್ಯಾಸ ಮಾಡಿದ. ಆ ಮನೆಯಲ್ಲಿ ದೂರ ಎಂದರೆ ಫ್ರಿಜ್ಜು.

ಇಯರ್‌ಫೋನ್ ತೆಗೆದು ಮಾನಸಿ ಕೇಳಿದ್ದೂ ಆಗಲೇ. “ಪಪ್ಪಾ, ಕೌನ್‌ಸಾ ವರ್ಕ್‌ಶಾಪ್? ವೋ ಲೋಗ್ ಸೀಖ್‌ನೇ ಕೇ ಲಿಯೇ ತೋ ನಹೀ ಬುಲಾ ರಹೇ?” ಕಲಿಯುವುದಕ್ಕೆ ಕರೆಯುತ್ತಿರಬಹುದೇ ಎಂದು ಇಡೀ ಮನೆಯಲ್ಲಿ ಅವಳೊಬ್ಬಳಿಗೆ ಹೊಳೆದಿತ್ತು. ಗುಣಪಾಲ ನಕ್ಕು, ಕಂಪನಿಯವರು ಕಲಿಯುವುದೇನು ಮಗಾ, ಅವರೆಲ್ಲ ಕಲಿತೇ ಬಂದಿರುತ್ತಾರೆ ಎಂದ. ಮಾನಸಿ ಇಯರ್‌ಫೋನ್ ಮತ್ತೆ ಸಿಕ್ಕಿಸಿಕೊಂಡಳು.

ಎರಡೇ ದಿನಗಳಲ್ಲಿ ಸುದ್ದಿ ಬಿಲ್ಡಿಂಗಿನ ಎಲ್ಲ ಮಹಡಿ ಹತ್ತಿ ಇಳಿಯಿತು. ಮೂರನೆಯ ಮಹಡಿಯವರು ಮಗನಿಗೆ ಕೆಲಸ ಕೇಳಿದರು. ಎದುರು ಮನೆಯ ಮರಾಠಿ ಆಜಿ ಅರ್ಧ ಕಿಲೊ ಶ್ರೀಖಂಡ ಕಳಿಸಿದರು. ಪ್ರತಿ ಸಲ ಹೇಳುವಾಗಲೂ ಸೀವುಡ್ಸ್‌ನ ಎಸಿ ಹಾಲ್ ಸ್ವಲ್ಪ ದೊಡ್ಡದಾಗುತ್ತ ಹೋಯಿತು. ಇದೇ ಉಮೇದಿನಲ್ಲಿ ದೇಜಪ್ಪ ಮಾಡಬಾರದ ಒಂದು ಕೆಲಸ ಮಾಡಿದ. ಗಾಳಾದ ಮಾಲಕ ಮುರಾರಿಯ ಬಳಿಗೆ ಹೋಗಿ, ತಿಂಗಳ ಕೊನೆಗೆ ಜಾಗ ಖಾಲಿ ಮಾಡುತ್ತೇನೆ, ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟ. ಮುರಾರಿ ದೊಡ್ಡ ಹೊಟ್ಟೆಯ, ಬಹಳ ಕಡಿಮೆ ನಗುವ ಮನುಷ್ಯ. ಸ್ವೆಟರಿನವನಿಗೆ ಇಷ್ಟು ಭಾಗ್ಯವೇ ಎಂಬಂತೆ ಅವನನ್ನು ಮೇಲಿಂದ ಕೆಳಗೆ ನೋಡಿ, ಸರಿ ಎಂದ. ಮರುದಿನವೇ ಹಪ್ಪಳ ಮಾಡುವವನೊಬ್ಬ ಟೇಪು ಹಿಡಿದು ಬಂದು ಗಾಳಾದ ಗೋಡೆ ಅಳೆದು ಹೋದ. ಅವನು ಅಳೆಯುವಾಗ ಮರಗಮ್ಮ ಬೇಕೆಂದೇ ಟೇಪಿನ ಮೇಲೆ ಕಾಲಿಟ್ಟು ನಿಂತಿದ್ದಳು.

ಆದಿತ್ಯವಾರ ಬೆಳಿಗ್ಗೆ ಟೆಂಪೊ ಬಂತು. ಒಂದೊಂದು ಮಿಷನ್ನೂ ಒಂದು ಮಂಚದಷ್ಟು ಉದ್ದ, ಪೂರ್ತಿ ಕಬ್ಬಿಣ. ಅಕ್ಕಪಕ್ಕದ ಗಾಳಾದವರು ಕೈ ಕೊಟ್ಟು ಏರಿಸಿದರು. ನೂಲಿನ ಉಂಡೆ, ಎಣ್ಣೆ ಡಬ್ಬ, ಸ್ಟೂಲು, ಫ್ಯಾನು, ಗೋಡೆಯ ಮೇಲಿದ್ದ ದೇವರ ಪಟ ಎಲ್ಲ ಟೆಂಪೊ ಹತ್ತಿದವು. ಎಲ್ಲ ನೀವೇ ತರಬೇಕು ಎಂದಿದ್ದಾರಲ್ಲ. ಮುಂದೆ ಡ್ರೈವರನ ಪಕ್ಕ ದೇಜಪ್ಪ ಮತ್ತು ತೆಂಗಿನಕಾಯಿ ಹಿಡಿದ ಬಾಗಿ. ಹಿಂದೆ ಮಿಷನ್ನುಗಳ ನಡುವೆ ಮಾನಪ್ಪ, ಮರಗಮ್ಮ. ಕೋಪರಖೈರಣೆಯಲ್ಲಿ ಗುಣಪಾಲ ಹತ್ತಿಕೊಂಡ. ತನ್ನ ಮದುವೆಯ ಕೋಟನ್ನು ಅವನು ಹೇಗೋ ಹಾಕಿಕೊಂಡಿದ್ದ. ಗುಂಡಿ ಹಾಕುವುದು ಸಾಧ್ಯವಿರಲಿಲ್ಲ. ಹಿಂದೆ ಕೂತರೆ ಕೋಟು ಹಾಳಾಗುತ್ತದೆಂದು ನಿಂತೇ ಬಂದ. ಠಾಣೆ–ಬೇಲಾಪುರ ರಸ್ತೆಯಲ್ಲಿ ಟೆಂಪೊದ ಹಿಂದೆ ಬರುತ್ತಿದ್ದವರು ಇದು ಯಾವ ಪಕ್ಷದ ಪ್ರಚಾರ ಎಂದು ಯೋಚಿಸಿರಬೇಕು.

ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಮಾಡಿದ. ರೇವಣಸಿದ್ದ ಎಂದು ಅವನ ಎದೆಯ ಪಟ್ಟಿಯಲ್ಲಿ ಬರೆದಿತ್ತು. ಯಾವ ಫ್ಲ್ಯಾಟಿಗೆ ಶಿಫ್ಟಿಂಗ್ ಎಂದು ಹಿಂದಿಯಲ್ಲಿ ಕೇಳಿ, ಆದಿತ್ಯವಾರ ಶಿಫ್ಟಿಂಗ್ ಬಂದ್ ಎಂದು ಉತ್ತರವನ್ನೂ ತಾನೇ ಹೇಳಿದ. ಇದು ಶಿಫ್ಟಿಂಗ್ ಅಲ್ಲ, ಮರ್ಜರ್ ಎಂದು ಗುಣಪಾಲ ಮೇಲಿನಿಂದ ಹೇಳಿದ. ಮರ್ಜರ್‌ಗೆ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ. ಮರಗಮ್ಮ ಹಿಂದಿನಿಂದ ಇಣುಕಿ, ಬಿಸಲಾಗ ಎಷ್ಟೊತ್ತ ನಿಲ್ಲಸ್ತೀರಿ ಎಂದು ತನ್ನ ಮಾತಿನಲ್ಲಿ ಗದರಿದಳು. ಆ ಮಾತು ಕೇಳಿದ್ದೇ ರೇವಣಸಿದ್ದನ ಮುಖ ಬದಲಾಯಿತು. ಯಾವ ಊರು, ಯಾವ ತಾಲೂಕು, ಯಾರ ಪೈಕಿ ಎಂದು ವಿಚಾರಿಸಿ, ಮಾನಪ್ಪನ ಸೋದರಮಾವನ ಊರಿನಲ್ಲಿ ತನ್ನ ಅಕ್ಕನನ್ನು ಕೊಟ್ಟಿದೆ ಎಂಬಲ್ಲಿಗೆ ತಲುಪಿದ. ಇಷ್ಟಾದ ಮೇಲೆ ಟೆಂಪೊವನ್ನು ಹಿಂದಕ್ಕೆ ಕಳಿಸುವುದು ಹೇಗೆ? ಅವನು ಮಿಷನ್ನುಗಳನ್ನು ಸುತ್ತಿ ಬಂದು, ಅದರ ಹಿಡಿಯನ್ನು ಒಮ್ಮೆ ಎಳೆದು ನೋಡಿದ.

“ಜಿಮ್ ಸಾಮಾನ ಅಂತ ಬರಕೋತೀನಿ,” ಎಂದ. “ಜಿಮ್ಮಿಗೆ ಆಯ್ತಾರ ಅಡ್ಡಿ ಇಲ್ಲ.”

ಕ್ಲಬ್‌ಹೌಸಿನ ಹಾಲಿನಲ್ಲಿ ಮೂವತ್ತು ಹೆಂಗಸರು ಅರ್ಧಚಂದ್ರಾಕಾರದಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಅವರ ಹಿಂದಿನ ಗೋಡೆಯಲ್ಲಿ ದೇಜಪ್ಪನ ಫೋಟೊ ಇದ್ದ ಬ್ಯಾನರು, ‘ಹೆಣಿಗೆ ಕಲಿಯೋಣ ಬನ್ನಿ’ ಎಂಬ ಅರ್ಥದ ಇಂಗ್ಲಿಷ್ ಬರಹ. ಮಿಷನ್ ಹೊತ್ತು ಹಿಂದುಹಿಂದಕ್ಕೆ ನಡೆದು ಬಂದ ದೇಜಪ್ಪನಿಗೆ ಅದಾವುದೂ ಕಾಣಲಿಲ್ಲ. ಮೊದಲನೆಯ ಮಿಷನ್ ಕೆಳಗಿಟ್ಟಾಗ ನೆಲ ನಡುಗಿತು. ಎರಡನೆಯದು ಇಟ್ಟಾಗ ಅದರಿಂದ ಒಂದು ತೊಟ್ಟು ಎಣ್ಣೆ ಬಿಳಿಯ ಟೈಲ್ಸಿನ ಮೇಲೆ ಬಿತ್ತು. ಬಾಗಿ ಯಾರನ್ನೂ ಕೇಳದೆ ದೇವರ ಪಟ ಗೋಡೆಗೆ ಒರಗಿಸಿ ಊದುಬತ್ತಿ ಹಚ್ಚಿದಳು.

ಅಮಿತಾ ಓಡಿಬಂದಳು. ಮಿಷನ್ನುಗಳನ್ನೊಮ್ಮೆ, ದೇವರ ಪಟವನ್ನೊಮ್ಮೆ ನೋಡಿದಳು. ಕೊನೆಗೆ, “ಕಡ್ಡಿ ತಂದಿದ್ದೀರಲ್ಲ ದೇಜಪ್ಪಣ್ಣ?” ಎಂದಳು.

“ಮಿಷನಿನ ಒಳಗೇ ಉಂಟು ಮೇಡಂ, ನೂರಾರು,” ಎಂದ ದೇಜಪ್ಪ, ದೂರ ನೋಡುತ್ತ.

ಇಷ್ಟರಲ್ಲಿ ಗುಣಪಾಲ ಮುಂದೆ ಬಂದು ಕೋಟಿನ ಎರಡು ತುದಿಗಳನ್ನೂ ಕೈಯಲ್ಲಿ ಹಿಡಿದು ಭಾಷಣಕ್ಕೆ ನಿಂತ. ನಮ್ಮ ಕಡೆಯಿಂದ ಮಿಷನ್, ಜನ ಮತ್ತು ಹೆಸರು, ನಿಮ್ಮ ಕಡೆಯಿಂದ ಜಾಗ ಮತ್ತು ಕರೆಂಟು, ಎಲ್ಲ ಅರ್ಧ ಅರ್ಧ ಎಂದು ಘೋಷಿಸಿದ. ಅರ್ಧ ಎಂಬುದೊಂದು ಅಮಿತಾಗೆ ಅರ್ಥವಾಯಿತು.

“ಹೌದು, ಅರ್ಧವೇ. ಒಂದು ಗಂಟೆಗೆ ಮುಗಿಸಬೇಕು,” ಎಂದಳು. “ಆಮೇಲೆ ಊಟ ಉಂಟು.”

ಗುಣಪಾಲ ದೇಜಪ್ಪನ ಕಿವಿಯ ಬಳಿ ಬಂದ. “ಭಾವ, ಕಂಪನಿ ಒಂದು ಗಂಟೆಗೆ ಮುಚ್ತದಂತೆ. ಇಷ್ಟು ಬೇಗ ಮುಚ್ಚುವ ಕಂಪನಿ ನಾನು ನೋಡಲಿಲ್ಲ. ಸ್ವಲ್ಪ ಜಾಗ್ರತೆ.”

ದೇಜಪ್ಪ ಜಾಗ್ರತೆ ಮಾಡುವ ಮೊದಲೇ ಮುಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ಬಂದರು. ಅವರು ಮನೆಯಿಂದಲೇ ಕಡ್ಡಿ, ಉಲ್ಲನ್ ತಂದಿದ್ದರು. ಮೊಮ್ಮಗುವಿಗೆಂದು ಹೆಣೆಯುತ್ತಿದ್ದ ಗುಲಾಬಿ ಬಣ್ಣದ ಅರ್ಧ ಸ್ವೆಟರು. ತೋಳಿನ ಹತ್ತಿರ ತನಗೆ ಲೆಕ್ಕ ತಪ್ಪಿದೆ, ಸ್ವಲ್ಪ ಸರಿ ಮಾಡಿಕೊಡಿ ಎಂದು ಹೆಣಿಗೆಯ ಸಮೇತ ಎರಡು ಕಡ್ಡಿಗಳನ್ನು ಅವನ ಕೈಗಿತ್ತರು.

ದೇಜಪ್ಪ ಸಾವಿರಾರು ಸ್ವೆಟರು ಮಾಡಿದವನು. ಆದರೆ ಕೈಹೆಣಿಗೆಯ ಕಡ್ಡಿಯನ್ನು ಮುಟ್ಟಿದ್ದು ಅದೇ ಮೊದಲು. ಎರಡು ಊದುಬತ್ತಿ ಹಿಡಿದ ಹಾಗೆ ಎರಡೂ ಕಡ್ಡಿಗಳನ್ನು ಒಂದೇ ಕೈಯಲ್ಲಿ ಹಿಡಿದುಕೊಂಡ. ಒಂದು ಕಡ್ಡಿ ಮೆಲ್ಲನೆ ಜಾರಿ ನೆಲಕ್ಕೆ ಬಿತ್ತು. ಅದರಲ್ಲಿದ್ದ ಕುಣಿಕೆಗಳು ಒಂದರ ಹಿಂದೊಂದು ಬಿಚ್ಚಿಕೊಂಡವು. ಅಜ್ಜಿ ಎದೆ ಹಿಡಿದುಕೊಂಡರು. ಬಿದ್ದ ಕಡ್ಡಿಗಾಗಿ ಬಗ್ಗಿ ಎದ್ದ ದೇಜಪ್ಪನಿಗೆ ಗೋಡೆಯ ಮೇಲೆ ತನ್ನದೇ ಮುಖ ಕಂಡಿತು. ಮುಖದ ಕೆಳಗೆ ಬರೆದದ್ದನ್ನು ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಎಸಿ ಹಾಲಿನಲ್ಲಿ ಅವನ ಬೆನ್ನ ಮೇಲೆ ಬೆವರು ಇಳಿಯಿತು.

ಏನಾಗಿದೆ ಎಂದು ಗುಣಪಾಲನಿಗೆ ಪಿಸುದನಿಯಲ್ಲಿ ಹೇಳಿದ. ಗುಣಪಾಲ ಬ್ಯಾನರು ನೋಡಿದ, ಹೆಂಗಸರನ್ನು ನೋಡಿದ, ಕೋಟು ಬಿಚ್ಚಿದ. ಭಾವ, ಕೈ ಉಳುಕಿದೆ ಎಂದುಬಿಡಿ, ನಾನು ಕರವಸ್ತ್ರ ಕಟ್ಟುತ್ತೇನೆ ಎಂದು ಉಪಾಯ ಸೂಚಿಸಿದ. ಉಪಾಯ ಕೆಟ್ಟದ್ದೇನಲ್ಲ. ದೇಜಪ್ಪ ಬಲಗೈ ಚಾಚಿಯೂ ಇದ್ದ. ಅಷ್ಟರಲ್ಲಿ ಮರಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಎದುರಿಗೆ ಬಂದು ನಿಂತಳು. ಐದಾರು ದಿನಗಳಿಂದ ಒಳಗೇ ಹಿಡಿದಿಟ್ಟದ್ದು ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ಶೇಠ್ರ, ಒಂದ್ ಮಾತ್ ಹೇಳಿಬಿಡ್ರಿ. ನಾಳಿಂದ ನಾವು ಇಲ್ಲಿಗೆ ಬರೂದೋ, ಅಲ್ಲೇ ಇರೂದೋ? ಮಗಳ ಸಾಲಿ ಬಿಡಸೂದಿದ್ರ ಇವತ್ತ ಹೇಳ್ರಿ.”

ಮೂವತ್ತು ಹೆಂಗಸರಲ್ಲಿ ಕನ್ನಡ ಬಲ್ಲವರು ಉಳಿದವರಿಗೆ ಅದನ್ನು ಹಿಂದಿಯಲ್ಲಿ, ಮರಾಠಿಯಲ್ಲಿ ತಿಳಿಸಿದರು. ದೇಜಪ್ಪ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. ಇವಳ ಮುಂದೆ ಕರವಸ್ತ್ರ ಕಟ್ಟಿಕೊಂಡು ನಿಲ್ಲುವುದು ಅವನಿಂದಾಗಲಿಲ್ಲ.

“ಇಲ್ಲಿ ಯಾವ ಕೆಲಸವೂ ಇಲ್ಲ ಮರಗಮ್ಮ,” ಎಂದ. “ಇವರು ಕರೆದದ್ದು ಹೆಣಿಗೆ ಕಲಿಸ್ಲಿಕ್ಕೆ. ನಾನು ತಿಳ್ಕೊಂಡದ್ದೇ ತಪ್ಪು. ಕಂಪನಿ ಅಂತ ಹೇಳಿದ್ದು ಕೂಡ ನಾನೇ, ಅವರಲ್ಲ. ಈ ಕಡ್ಡಿಯನ್ನು ನಾನು ಇವತ್ತೇ ಹಿಡಿದದ್ದು.”

ಮರಗಮ್ಮ ಅಲ್ಲೇ ನೂಲಿನ ಮೂಟೆಯ ಮೇಲೆ ಕುಸಿದು ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಬಾಗಿ ಹತ್ತಿರ ಹೋಗಿ ಬೆನ್ನು ಸವರಿದರೆ ಅವಳು ನಗುತ್ತಿದ್ದಳು.

“ಚೊಲೊ ಆತ್ ಬಿಡ್ರಿ,” ಎಂದಳು. “ಎರಡ್ ಗಾಡಿ ಬದಲಿ ಮಾಡೂದು ತಪ್ತು.”

ಮಾನಪ್ಪ ತನ್ನ ಆ ದಿನದ ಮಾತನ್ನು ಆಡಿದ. “ದೇವ್ರು ದೊಡ್ಡಾಂವ.”

ಮರಗಮ್ಮನಿಗೇನೋ ಗೆದ್ದಂತಾಯಿತು. ಮುಳುಗಿದವಳು ಅಮಿತಾ. ಮಂಡಳಿಯಲ್ಲಿ ಅವಳ ಎದುರು ಪಾರ್ಟಿ ಅಶ್ಮಿತಾ ಎಂಬವಳು. ಅವಳು ಈ ತಿಂಗಳು ಮೇಣದಬತ್ತಿ ಮಾಡುವುದನ್ನು ಕಲಿಯುವ ಎಂದು ವಾದಿಸಿ ಸೋತಿದ್ದಳು. ಈಗ ಕಾಲ ಮೇಲೆ ಕಾಲು ಹಾಕಿ, ಮೇಣದಬತ್ತಿಯಾಗಿದ್ದರೆ ಇಷ್ಟು ಹೊತ್ತಿಗೆ ಒಬ್ಬೊಬ್ಬರದು ಎರಡೆರಡು ಆಗುತ್ತಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಕೆಲವರು ಪರ್ಸು ತೆಗೆದುಕೊಂಡು ಎದ್ದರು. ಅಮಿತಾಳ ಮೂಗು ಕೆಂಪಾಗುತ್ತಿರುವುದು ದೇಜಪ್ಪನಿಗೆ ಕಂಡಿತು. ತನ್ನ ಕಾರ್ಡನ್ನು ನಂಬಿದ ಒಬ್ಬಳೇ ಒಬ್ಬ ವ್ಯಕ್ತಿ ಅವಳು. ಅವಳನ್ನು ಹೀಗೆ ನಡುನೀರಿನಲ್ಲಿ ಬಿಟ್ಟು ಟೆಂಪೊ ಹತ್ತುವುದು ಹೇಗೆ?

ಮಾನಪ್ಪಾ, ನೂಲು ಹಾಕು ಎಂದ ದೇಜಪ್ಪ.

ಮಾನಪ್ಪ ನೂಲು ಪೋಣಿಸಿ, ಹಿಡಿಯನ್ನು ಎಡದಿಂದ ಬಲಕ್ಕೆ ಎಳೆದ. ಖರ್ ಎಂದಿತು. ಬಲದಿಂದ ಎಡಕ್ಕೆ ತಂದ. ಮತ್ತೊಮ್ಮೆ ಖರ್ ಎಂದಿತು. ಎದ್ದವರು ನಿಂತರು. ಸ್ವಲ್ಪ ಹೊತ್ತಿಗೆ ಮಿಷನಿನ ಹೊಟ್ಟೆಯ ಕೆಳಗಿನಿಂದ ನೀಲಿ ಹೆಣಿಗೆ ನಾಲಗೆಯಂತೆ ಇಳಿಯಿತು. ಪರ್ಸು ಹಿಡಿದವರು ಹತ್ತಿರ ಬಂದರು. ಆಗ ದೇಜಪ್ಪ ಬಾಯಿ ಬಿಟ್ಟ. ಎರಡು ಬಿಳಿ ಗೆರೆಗಳ ನಡುವೆ ಒಂದು ಹಳದಿ ಗೆರೆ ಹಾಕಿದರೆ ಬಿಳಿ ಹೇಗೆ ಹೆಚ್ಚು ಬಿಳಿಯಾಗುತ್ತದೆ, ನೀಲಿ ಹೇಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ಅದೇ ಹಳದಿಯನ್ನು ಒಂದು ಎಳೆ ದಪ್ಪ ಮಾಡಿದರೆ ಸ್ವೆಟರು ಹೇಗೆ ಬ್ಯಾಂಡಿನವರ ಬಟ್ಟೆಯಾಗುತ್ತದೆ ಎಂದು ವಿವರಿಸಿದ. ಈ ವಿಷಯವನ್ನು ಅವನು ಇಷ್ಟು ವರ್ಷ ಮನೆಯವರಿಗೆ, ನೆಂಟರಿಗೆ, ಲೋಕಲ್ ಗಾಡಿಯ ಸಹಪ್ರಯಾಣಿಕರಿಗೆ ಹೇಳಲು ಹೋಗಿ ಯಾರೂ ಪೂರ್ತಿ ಕೇಳಿರಲಿಲ್ಲ. ಮೂವತ್ತು ಹೆಂಗಸರು ಕೇಳಿದರು. ಒಬ್ಬರು ಫೋನಿನಲ್ಲಿ ಬರೆದುಕೊಂಡರು. ದೂರ ನೋಡುವುದು ಅವನಿಗೆ ಮರೆತೇ ಹೋಯಿತು.

ಆಮೇಲೆ ಎಲ್ಲರಿಗೂ ಹಿಡಿ ಎಳೆಯಬೇಕಾಯಿತು. ಮರಗಮ್ಮ ಸಾಲು ಮಾಡಿಸಿದಳು. ಒಬ್ಬೊಬ್ಬರೂ ತಮಗೆ ಬೇಕಾದ ಬಣ್ಣ ಹೇಳುವುದು, ದೇಜಪ್ಪ ಒಪ್ಪುವುದು ಅಥವಾ ತಲೆ ಅಲ್ಲಾಡಿಸುವುದು, ಮಾನಪ್ಪ ನೂಲು ಬದಲಿಸುವುದು. ಅಶ್ಮಿತಾ ನಾನು ಸುಮ್ಮನೆ ನೋಡುತ್ತೇನೆ ಎಂದು ಬಂದವಳು ಹಿಡಿ ಹಿಡಿದ ಮೇಲೆ ಬಿಡಲೇ ಇಲ್ಲ. ಹಿಂದಿನವರು ಗಲಾಟೆ ಮಾಡಿದರೂ, ನನ್ನ ಮರೂನ್ ಇನ್ನೂ ಮುಗಿದಿಲ್ಲ ಎಂದು ಬೆವರು ಒರೆಸಿಕೊಳ್ಳುತ್ತ ಎಳೆಯುತ್ತಲೇ ಇದ್ದಳು. ಗುಲಾಬಿ ಸ್ವೆಟರಿನ ಅಜ್ಜಿ ಮಾತ್ರ ಒಂದು ಮೂಲೆಯಲ್ಲಿ ಕೂತು, ಬಿಚ್ಚಿದ್ದನ್ನು ತಾವೇ ಹೆಣೆದುಕೊಳ್ಳುತ್ತ, ದೇಜಪ್ಪನ ಕಡೆ ಆಗಾಗ ಕೆಕ್ಕರಿಸಿ ನೋಡುತ್ತಿದ್ದರು. ಊಟದ ಹೊತ್ತಿಗೆ ಹೆಣಿಗೆ ಹಾಲಿನ ಒಂದು ಗೋಡೆಯಿಂದ ಇನ್ನೊಂದು ಗೋಡೆ ಮುಟ್ಟಿತ್ತು. ಇದು ಯಾರ ಮನೆಗೆ ಎಂದು ಜಗಳ ಹತ್ತುವ ಮೊದಲು ಅಮಿತಾ ಎಲ್ಲರನ್ನೂ ಅದನ್ನು ಹಿಡಿದು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿದಳು. ಗುಣಪಾಲ ಮತ್ತೆ ಕೋಟು ಹಾಕಿಕೊಂಡು ನಡುವೆ ನಿಂತ.

ಊಟ ಮುಗಿಸಿ, ರೇವಣಸಿದ್ದನಿಗೂ ಒಂದು ಪ್ಲೇಟು ಕೊಡಿಸಿ, ಟೆಂಪೊ ವಾಗ್ಳೆ ಎಸ್ಟೇಟ್‌ಗೆ ಮರಳಿದಾಗ ಸಂಜೆಯಾಗಿತ್ತು. ದಾರಿಯುದ್ದಕ್ಕೂ ದೇಜಪ್ಪನಿಗೆ ಒಂದೇ ಯೋಚನೆ. ಹೆಂಗಸರ ಮುಂದೆ ಒಪ್ಪಿಕೊಂಡದ್ದೇನೋ ಆಯಿತು, ಇನ್ನು ಮುರಾರಿಗೆ ಹೇಳುವುದು ಹೇಗೆ? ಗಾಳಾ ಹಪ್ಪಳದವನಿಗೆ ಹೋದರೆ ಈ ಎರಡು ಮಿಷನ್ ಇಟ್ಟುಕೊಂಡು ರಸ್ತೆಯಲ್ಲಿ ನಿಲ್ಲಬೇಕು. ಅವನ ಜೊತೆ ಮರಗಮ್ಮ, ಮಾನಪ್ಪನೂ ನಿಲ್ಲಬೇಕು. ಷಟರಿನ ಮುಂದೆ ಮುರಾರಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹೋದ ಮಿಷನ್ ಯಾಕೆ ವಾಪಸು ಬಂತು ಎಂದು ಮರಾಠಿಯಲ್ಲಿ ಕೇಳಿದ. ಗುಣಪಾಲ, ಕಂಪನಿಯ ಆಫರು ನಮಗೆ ಹಿಡಿಸಲಿಲ್ಲ ಎಂದು ಶುರು ಮಾಡಿದ. ದೇಜಪ್ಪ ಅವನ ಕೋಟು ಹಿಡಿದೆಳೆದು, ಮೊದಲಿನಿಂದ ಕೊನೆಯವರೆಗೂ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ.

ಅಜ್ಜಿಯ ಕಡ್ಡಿ ಬಿದ್ದಲ್ಲಿಗೆ ಬರುವಾಗ ಮುರಾರಿಯ ಹೊಟ್ಟೆ ಅಲುಗತೊಡಗಿತು. ಅವನು ನಗುವುದನ್ನು ಆ ಎಸ್ಟೇಟಿನಲ್ಲಿ ಯಾರೂ ನೋಡಿರಲಿಲ್ಲ. ನಗು ತಡೆಯಲಾಗದೆ ಅವನು ಕೈ ಮೇಲೆತ್ತಿ ನಿಲ್ಲಿಸಿ, ಪಕ್ಕದ ಗಾಳಾದ ಲೇಥ್‌ನವನನ್ನು ಕರೆದು, ಮತ್ತೆ ಮೊದಲಿನಿಂದ ಹೇಳು ಎಂದ. ಹೇಳಿ ಮುಗಿಯುವಷ್ಟರಲ್ಲಿ ರಟ್ಟಿನ ಪೆಟ್ಟಿಗೆಯವರು ಬಂದರು. ಅವರಿಗಾಗಿ ಇನ್ನೊಮ್ಮೆ. ಚಹಾದವನು ಬಂದ. ಅವನಿಗಾಗಿ ಮತ್ತೊಮ್ಮೆ. ಮೊದಲ ಸಲ ಹೇಳುವಾಗ ದೇಜಪ್ಪನ ಕಿವಿ ಕೆಂಪಾಗಿತ್ತು. ಎರಡನೆಯ ಸಲ ಅಷ್ಟಾಗಲಿಲ್ಲ. ನಾಲ್ಕನೆಯ ಸಲಕ್ಕೆ ಅವನು ಟೆಂಪೊದ ಹಲಗೆ ಹತ್ತಿ ನಿಂತು, ಎಲ್ಲಿ ನಿಲ್ಲಿಸಬೇಕು ಎಲ್ಲಿ ದನಿ ತಗ್ಗಿಸಬೇಕು ಎಂದು ನೋಡಿಕೊಂಡು, ಅಜ್ಜಿಯನ್ನು ಸ್ವಲ್ಪ ಮೂರ್ಛೆ ಕೂಡ ಹೋಗಿಸಿದ. ಮುರಾರಿ ಕಣ್ಣೊರೆಸಿಕೊಂಡು, ಹಪ್ಪಳದವನಿಗೆ ಬೇರೆ ಜಾಗ ತೋರಿಸುತ್ತೇನೆ ಎಂದು ಬೀಗದ ಕೈ ಮಾನಪ್ಪನ ಕೈಗೆ ಕೊಟ್ಟ. ಮರಗಮ್ಮ ದೇವರ ಪಟವನ್ನು ಹಳೆಯ ಮೊಳೆಗೇ ತಗುಲಿಸಿದಳು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವನು ದೇಜಪ್ಪನೇ ಅಲ್ಲ. ಎರಡು ದಿನ ಬಿಟ್ಟು ಅಮಿತಾ ಫೋನು ಮಾಡಿದಳು. ಮಿಷನಿಂದು ಬಹಳ ಚೆಂದ ಆಯಿತು, ಆದರೆ ಮುಂದಿನ ತಿಂಗಳು ಮಿಷನ್ ಬೇಡ, ನಿಜವಾಗಿ ಕಡ್ಡಿಯಲ್ಲಿ ಹೆಣೆಯುವುದನ್ನೇ ಕಲಿಸಬೇಕು, ನಿಮಗೆ ಗೊತ್ತಿರುವ ಯಾರಾದರೂ ಇದ್ದರೆ ಹೇಳಿ ಎಂದಳು. ಅವಳು ಕೇಳಿದ್ದು ಬೇರೆ ಯಾರಾದರೂ ಎಂದು. ದೇಜಪ್ಪ ಗಂಟಲು ಸರಿ ಮಾಡಿಕೊಂಡು, ಯಾರೋ ಯಾಕೆ ಮೇಡಂ, ನಾನೇ ಬರುತ್ತೇನೆ ಎಂದ.

ಹೀಗಾಗಿ ಈಚೆಗೆ ಡೊಂಬಿವಿಲಿಯಿಂದಲೇ ಹೊರಡುವ ಲೋಕಲಿನಲ್ಲಿ ಕಿಟಕಿಯ ಬಳಿ ಸೀಟು ಹಿಡಿದು, ಫೋನಿನಲ್ಲಿ ಮಾನಸಿ ಹಾಕಿಕೊಟ್ಟ ವೀಡಿಯೊ ನೋಡುತ್ತ, ಒಬ್ಬ ಮನುಷ್ಯ ಎರಡು ಕಡ್ಡಿ ಹಿಡಿದು ಹೆಣೆಯುವುದನ್ನು ಜನ ಕಾಣುತ್ತಿದ್ದಾರೆ. ಮೊದಲ ದಿನ ಪಕ್ಕದವನ ಅಂಗಿಯ ಗುಂಡಿ ಹೆಣಿಗೆಯೊಳಗೆ ಸೇರಿ, ಠಾಣೆ ಬಂದರೂ ಇಬ್ಬರಿಗೂ ಏಳಲಾಗಲಿಲ್ಲ. ಎರಡನೆಯ ದಿನ ಅದೇ ಡಬ್ಬಿಯಲ್ಲಿ ಹಾಡಿಕೊಂಡು ಹೋಗುವ ಭಜನೆಯ ತಂಡದವರು ತಾಳ ನಿಲ್ಲಿಸಿ, ಒಂದು ಮೇಲೆ ಒಂದು ಕೆಳಗೆ ಎಂದು ತಾವೂ ಎಣಿಸಿಕೊಟ್ಟರು. ಮೂರನೆಯ ದಿನ ದೇಜಪ್ಪ ಯಾರ ಸಹಾಯವೂ ಇಲ್ಲದೆ, ಒಂದು ಕುಣಿಕೆಯೂ ಬೀಳದೆ, ಅಂಗೈ ಅಗಲದ ಹೆಣಿಗೆ ಮುಗಿಸಿದ. ಆ ಸಂತೋಷದಲ್ಲಿ ಠಾಣೆ ಬಂದದ್ದು ತಿಳಿಯಲಿಲ್ಲ. ತಿಳಿದಾಗ ಗಡಿಬಿಡಿಯಲ್ಲಿ ಜನರನ್ನು ನುಗ್ಗಿಕೊಂಡು ಪ್ಲಾಟ್‌ಫಾರ್ಮಿಗೆ ಹಾರಿದ. ಗಾಡಿ ಹೊರಟಿತು. ಉಲ್ಲನಿನ ಉಂಡೆ ಸೀಟಿನ ಕೆಳಗೇ ಉಳಿದಿತ್ತು.

ಕೈಯಲ್ಲಿದ್ದ ಹೆಣಿಗೆ ಒಂದೊಂದೇ ಸಾಲು ಬಿಚ್ಚಿಕೊಳ್ಳುತ್ತ ಗಾಡಿಯ ಹಿಂದೆ ಹೋಗತೊಡಗಿತು. ದೇಜಪ್ಪ ಎರಡು ಬರಿಯ ಕಡ್ಡಿ ಹಿಡಿದು, ಹಳದಿಯ ಎಳೆಯೊಂದು ಮುಲುಂಡಿನ ಕಡೆಗೆ ನೇರವಾಗಿ ಓಡುವುದನ್ನು ನೋಡುತ್ತ ನಿಂತ. ಪಕ್ಕದಲ್ಲಿ ನಿಂತಿದ್ದ ಒಬ್ಬ ಕಾಲೇಜು ಹುಡುಗಿ, ಅಂಕಲ್, ಇದೇನು ಎಂದು ಕೇಳಿದಳು.

ದೇಜಪ್ಪ ಜೇಬಿಗೆ ಕೈಹಾಕಿ ಅವಳಿಗೊಂದು ಕಾರ್ಡು ಕೊಟ್ಟ.